ಶಾರ್ಪನ್ ಮಾಡಿದರೆ ಮದನಿಕೆಯ ಸುತ್ತ ಬಿಳಿ ಗೆರೆ ಏಕೆ?

ಪ್ರಶ್ನೆ: ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ದರ್ಪಣಸುಂದರಿ ಎಂಬ ಮದನಿಕೆಯ (ಸುಂದರಿಯ ಶಿಲ್ಪ) ಚಿತ್ರ ತೆಗೆದೆ. ತುಸು ಮಸುಕಾಗಿದೆ ಎನಿಸಿ ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಶಾರ್ಪನ್ ಮಾಡಿದೆ. ಶಿಲ್ಪದ ಸುತ್ತ ಬಿಳಿ ಗೆರೆ ಮೂಡಿತು. ನೆರಳಿನ ಭಾಗ ಮರಳು ಎರಚಿದಂತಾಯಿತು. ತಪ್ಪಿದ್ದೆಲ್ಲಿ? (ಹಾಸನದ ಓದುಗರೊಬ್ಬರು)

ಉತ್ತರ: ಕ್ಯಾಮೆರಾ ಹಿಡಿಯದೆ ಬಿಟ್ಟ ವಿವರವನ್ನು ಶಾರ್ಪನಿಂಗ್ ಎಲ್ಲಿಂದಲೋ ಹುಡುಕಿ ತರುವುದಿಲ್ಲ. ಗಾಢ ಭಾಗವೂ ತಿಳಿ ಭಾಗವೂ ಸಂಧಿಸುವ ಅಂಚಿನಲ್ಲಿ ಒಂದು ಮಗ್ಗುಲನ್ನು ಇನ್ನಷ್ಟು ಕಪ್ಪಾಗಿಸಿ, ಇನ್ನೊಂದನ್ನು ಇನ್ನಷ್ಟು ಬೆಳಗಿಸಿ, ಅಂಚು ಚೂಪಾಗಿದೆ ಎಂದು ಕಣ್ಣು ನಂಬುವಂತೆ ಮಾಡುವುದಷ್ಟೇ ಅದರ ಕೆಲಸ. ನಿಮಗೆ ಕಂಡ ಬಿಳಿ ಗೆರೆಯು ಇದೇ ಕೆಲಸ ಅಳತೆ ಮೀರಿದ್ದರ ಗುರುತು.

ಇದಕ್ಕೆ ಬಳಸುವ ‘ಅನ್‌ಶಾರ್ಪ್ ಮಾಸ್ಕ್’ ಎಂಬ ವಿಚಿತ್ರ ಹೆಸರು ಡಾರ್ಕ್‌ರೂಮ್ ಕಾಲದ್ದು. ಆಗ ನೆಗೆಟಿವ್‌ನಿಂದ ಬೇಕೆಂದೇ ಮಸುಕಾದ ಪಾಸಿಟಿವ್ ಪ್ರತಿಯೊಂದನ್ನು ತಯಾರಿಸಿ, ಎರಡನ್ನೂ ಜೋಡಿಸಿ ಪ್ರಿಂಟ್ ಹಾಕುತ್ತಿದ್ದರು. ಸಾಫ್ಟ್‌ವೇರ್ ಕೂಡ ಚಿತ್ರದ ಮಸುಕು ಪ್ರತಿಯನ್ನು ಒಳಗೇ ಸೃಷ್ಟಿಸಿ, ಮೂಲಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕ ಹಾಕಿ, ಆ ವ್ಯತ್ಯಾಸವನ್ನು ಮೂಲಕ್ಕೆ ಸೇರಿಸುತ್ತದೆ. ಎಷ್ಟು ಸೇರಿಸಬೇಕು ಎಂಬುದು ‘ಅಮೌಂಟ್’. ಅಂಚಿನಿಂದ ಎಷ್ಟು ದೂರದವರೆಗೆ ಎಂಬುದು ‘ರೇಡಿಯಸ್’.

ಬಿಳಿ ಗೆರೆಯ ದಪ್ಪವನ್ನು ನಿರ್ಧರಿಸುವುದು ಈ ರೇಡಿಯಸ್. ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಬಿಡಿಸಿದ ಹಾರದ ಮಣಿ, ಬಳ್ಳಿಯ ಎಳೆ ಇವೆಲ್ಲ ಚಿತ್ರದಲ್ಲಿ ಕೆಲವೇ ಪಿಕ್ಸೆಲ್‌ಗಳಷ್ಟು ಅಗಲವಿರುವುದರಿಂದ ರೇಡಿಯಸ್ 0.5ರಿಂದ 1ರೊಳಗಿದ್ದರೆ ಸಾಕು. ಅದನ್ನು 3 ಅಥವಾ 4ಕ್ಕೆ ಏರಿಸಿದರೆ ಮಣಿಗಳು ಒಂದಕ್ಕೊಂದು ಮೆತ್ತಿಕೊಂಡು, ಹಿಂದಿನ ಬೆಳ್ಳಗಿನ ಆಕಾಶಕ್ಕೆ ತಾಗುವ ಅಂಚಿನಲ್ಲಿ ಪ್ರಭಾವಳಿ ಮೂಡುತ್ತದೆ. ಆಕಾಶವನ್ನು ಶಾರ್ಪನ್ ಮಾಡುವ ಅಗತ್ಯವೇ ಇಲ್ಲವಾದ್ದರಿಂದ ಲೇಯರ್ ಮಾಸ್ಕ್ (ಬೇಡದ ಭಾಗವನ್ನು ಮರೆಮಾಡುವ ಪದರ) ಹಾಕಿ ಅದನ್ನು ಹೊರಗಿಡಿ. (ಮುಳ್ಳಯ್ಯನಗಿರಿಯ ಮಂಜಿನ ಚಿತ್ರಗಳಿಗೂ ಇದೇ ಮಾತು. ಮಂಜು ಇರಬೇಕಾದದ್ದೇ ಮಸುಕಾಗಿ. ಆದರೂ ಬೆಟ್ಟದ ಅಂಚಿಗೆ ಪೆನ್ಸಿಲ್ ಗೆರೆ ಎಳೆದಂತಿರುವ ಚಿತ್ರಗಳನ್ನು ದಿನವೂ ನೋಡುತ್ತೇವೆ.)

ಇನ್ನು ಮರಳಿನ ವಿಷಯ. ಮದನಿಕೆಗಳಿರುವುದು ಸೂರಿನ ಕೆಳಗಿನ ನೆರಳಿನಲ್ಲಿ. ಅಲ್ಲಿ ಕ್ಯಾಮೆರಾ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿಕೊಳ್ಳುತ್ತದೆ, ನಾಯ್ಸ್ ಎಂಬ ಚುಕ್ಕೆಚುಕ್ಕೆ ಕಣಗಳು ಸೇರುತ್ತವೆ. ಸಾಫ್ಟ್‌ವೇರಿನ ಪಾಲಿಗೆ ನಾಯ್ಸ್‌ನ ಪ್ರತಿ ಕಣವೂ ಒಂದು ಪುಟ್ಟ ಅಂಚೇ. ಮೊದಲು ನಾಯ್ಸ್ ತಗ್ಗಿಸಿ, ಆಮೇಲೆ ‘ಥ್ರೆಶೋಲ್ಡ್’ ಅನ್ನು ತುಸು ಏರಿಸಿದರೆ ಇಂಥ ಸಣ್ಣಪುಟ್ಟ ವ್ಯತ್ಯಾಸಗಳನ್ನು ಅದು ಮುಟ್ಟದೆ ಬಿಡುತ್ತದೆ. ಅತಿಯಾಗಿ ಏರಿಸಿದರೆ ಕಲ್ಲಿನ ಮೈ ಮೇಣದಂತೆ ಕಾಣುತ್ತದೆ.

ಚಿತ್ರದ ಅಳತೆಯನ್ನು ಕುಗ್ಗಿಸಿದ ಮೇಲೆ, ಎಲ್ಲಕ್ಕಿಂತ ಕೊನೆಗೆ, ಶೇ. 100 ಝೂಮ್‌ನಲ್ಲಿ ನೋಡುತ್ತಾ ಶಾರ್ಪನ್ ಮಾಡಿ. ಮೊಬೈಲ್‌ನ ಜೆಪೆಗ್ ಚಿತ್ರವಾಗಿದ್ದರೆ ಫೋನೇ ಒಮ್ಮೆ ಶಾರ್ಪನ್ ಮಾಡಿರುತ್ತದೆ. ನೀವು ಮಾಡುವುದು ಎರಡನೆಯ ಸಲ.

ಇಷ್ಟಾದರೂ ಸರಿಹೋಗದಿದ್ದರೆ ಕಲ್ಲಿನ ಮೇಲಿನ ಚುಕ್ಕೆಗಳನ್ನು ಹಿಗ್ಗಿಸಿ ನೋಡಿ. ಅವೆಲ್ಲ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕತ್ತೆತ್ತಿ ಝೂಮ್ ಮಾಡುವಾಗ ಕೈ ಅಲುಗಿದೆ ಎಂದರ್ಥ, ಅದನ್ನು ಅನ್‌ಶಾರ್ಪ್ ಮಾಸ್ಕ್ ತಿದ್ದಲಾರದು. ಹಾಸನದಿಂದ ಬೇಲೂರು ಸುಮಾರು 40 ಕಿ.ಮೀ. ಅಷ್ಟೇ, ಇನ್ನೊಮ್ಮೆ ಹೋಗಿ, 200 ಎಂಎಂ ಲೆನ್ಸ್ ಆದರೆ ಷಟರ್ ವೇಗವನ್ನು ಸೆಕೆಂಡಿನ 1/200ಕ್ಕಿಂತ ಕೆಳಗಿಳಿಸದೆ ತೆಗೆಯಿರಿ.