ಪದ ಪರಿಚಯ: ಡೋಂಟ್ ಆಸ್ಕ್, ಡೋಂಟ್ ಟೆಲ್

ಕನ್ನಡದಲ್ಲಿ ಹೇಳುವುದಾದರೆ ‘ಕೇಳಬೇಡಿ, ಹೇಳಬೇಡಿ’. ಇಬ್ಬರು ಸಭ್ಯರು ಮಾಡಿಕೊಂಡ ಒಪ್ಪಂದದ ಹಾಗೆ ಕೇಳಿಸುತ್ತದೆ, ಅಲ್ವಾ? ಆದರೆ ಇದು ಅಮೆರಿಕದ ಸೇನೆಯಲ್ಲಿ ಸುಮಾರು 17 ವರ್ಷ ನಡೆದ ನಿಯಮ. ಸಲಿಂಗಿಗಳು ಸೇನೆಯಲ್ಲಿ ಇರಬಹುದು, ತಾವು ಸಲಿಂಗಿ ಎಂದು ಮಾತ್ರ ಗೊತ್ತುಮಾಡಬಾರದು. ಮೇಲಿನವರೂ ಕೇಳಬಾರದು.

ಇದು ಹುಟ್ಟಿದ್ದು ರಾಜಿಯಲ್ಲಿ. ಸಲಿಂಗಿಗಳ ಮೇಲಿನ ನಿಷೇಧ ತೆಗೆಯುತ್ತೇನೆ ಎಂದು ಬಿಲ್ ಕ್ಲಿಂಟನ್ 1992ರ ಚುನಾವಣೆಯಲ್ಲಿ ಮಾತು ಕೊಟ್ಟಿದ್ದರು. ಗೆದ್ದ ಮೇಲೆ ಅದೇ ಬಿಸಿ ತುಪ್ಪವಾಯಿತು. ಸೇನೆಯ ದೊಡ್ಡವರು ಒಪ್ಪಲಿಲ್ಲ, ಸಂಸತ್ತೂ ಒಪ್ಪಲಿಲ್ಲ. ಪಡೆಯ ಒಗ್ಗಟ್ಟು ಕೆಡುತ್ತದೆ ಎನ್ನುವುದು ಅವರ ವಾದ. ಸೆನೆಟರ್ ಸ್ಯಾಮ್ ನನ್ ಅಂತೂ ಕ್ಯಾಮೆರಾಗಳ ಜೊತೆ ಜಲಾಂತರ್ಗಾಮಿಯೊಳಗೆ ಇಳಿದು, ನಾವಿಕರು ಎಷ್ಟು ಒತ್ತೊತ್ತಾಗಿ ಮಲಗುತ್ತಾರೆ ಎಂದು ತೋರಿಸಿದರು. ಸಲಿಂಗಿ ನಾವಿಕರು ಅಂಥ ಮಂಚಗಳಲ್ಲೇ ಎಷ್ಟೋ ಕಾಲದಿಂದ ಮಲಗಿ ಏಳುತ್ತಿದ್ದರು, ಆ ಮಾತು ಬೇರೆ. ಕೊನೆಗೆ 1993ರಲ್ಲಿ ಈ ನಡುದಾರಿ ಕಾನೂನಾಯಿತು.

ಹೆಸರಿನ ಎರಡು ಭಾಗ ಸಮ ಅನ್ನಿಸಿದರೂ ತೂಕ ಪೂರ್ತಿ ಒಂದೇ ಕಡೆ. ಹೇಳಿದವರ ಕೆಲಸ ಹೋಗುತ್ತಿತ್ತು. ಬಾಯಿಬಿಟ್ಟು ಹೇಳುವುದೇ ಬೇಕಿರಲಿಲ್ಲ. ತಮ್ಮದೇ ಲಿಂಗದವರನ್ನು ಮದುವೆಯಾದರೂ, ಆಗಲು ಹೊರಟರೂ ಸಾಕಿತ್ತು. ಕೇಳಿದವರಿಗೆ ಅಂಥ ಭಯವೇನೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಯಾರೋ ಸುಮ್ನೆ ಕೇಳುತ್ತಾರೆ: ‘ಶನಿವಾರ ಯಾರ ಜೊತೆ ಸಿನಿಮಾಗೆ ಹೋಗಿದ್ದೆ?’ ನಮ್ಮಲ್ಲಾದರೆ ‘ನಮ್ಮನೆಯವರ ಜೊತೆ’ ಎಂದು ದಾಟಿಕೊಳ್ಳಬಹುದು. ಗಂಡೋ ಹೆಣ್ಣೋ ಅದರಲ್ಲಿ ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ಮಾತು ಮುಂದುವರಿದರೆ ‘ಹಿ’ ಅಥವಾ ‘ಶಿ’ ಬಂದೇ ಬರುತ್ತದೆ. ಹಾಗಾಗಿ ಎಷ್ಟೋ ಸೈನಿಕರು ‘ಅವನು’ ಅನ್ನುವ ಕಡೆ ‘ಅವಳು’ ಎಂದು ಬದಲಿಸಿ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು.

ಈ ನಿಯಮದಡಿ ಕೆಲಸ ಕಳೆದುಕೊಂಡವರು 13,000ಕ್ಕೂ ಹೆಚ್ಚು. ಅರೇಬಿಕ್ ಬಲ್ಲ ಭಾಷಾಂತರಕಾರರನ್ನೂ ಬಿಡಲಿಲ್ಲ. ಅದೂ 2001ರ ದಾಳಿಯ ನಂತರ, ಅಂಥವರು ತೀರಾ ಬೇಕಾಗಿದ್ದ ಹೊತ್ತಿನಲ್ಲಿ!

2010ರ ಫೆಬ್ರವರಿಯಲ್ಲಿ ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷ ಅಡ್ಮಿರಲ್ ಮೈಕ್ ಮಲ್ಲನ್ ಸೆನೆಟ್ ಸಮಿತಿಯ ಮುಂದೆ ಕೂತು, ದೇಶ ಕಾಯಲು ಬಂದ ಹುಡುಗ ಹುಡುಗಿಯರು ತಾವು ಯಾರೆಂಬುದರ ಬಗ್ಗೆಯೇ ಸುಳ್ಳು ಹೇಳಬೇಕಾಗಿದೆ, ಇದು ನನ್ನನ್ನು ಕಾಡುತ್ತಿದೆ ಎಂದರು. ಸಮವಸ್ತ್ರದಲ್ಲಿದ್ದ ಅಷ್ಟು ದೊಡ್ಡ ಅಧಿಕಾರಿಯೇ ಹೀಗಂದಿದ್ದು ವಿರೋಧಿಗಳ ‘ಒಗ್ಗಟ್ಟಿನ’ ವಾದವನ್ನು ಸಡಿಲ ಮಾಡಿತು. ಅದೇ ಡಿಸೆಂಬರ್ 22ರಂದು ಬರಾಕ್ ಒಬಾಮ ರದ್ದತಿಗೆ ಸಹಿ ಹಾಕಿದರು. ನಿಯಮ ನಿಜವಾಗಿ ಕೊನೆಯಾಗಿದ್ದು 2011ರ ಸೆಪ್ಟೆಂಬರ್ 20ರಂದು.

ನಿಯಮ ಹೋದರೂ ಮಾತು ಉಳಿಯಿತು. ಗೊತ್ತಿದ್ದೂ ಯಾರೂ ಬಾಯಿಬಿಡದ ಯಾವ ಏರ್ಪಾಡಿಗೂ ಈಗ ಇಂಗ್ಲಿಷಿನಲ್ಲಿ ಹೀಗನ್ನುತ್ತಾರೆ. ಕೆಲಸದವನು ರಾತ್ರಿ ಇನ್ನೊಂದು ಕಡೆ ದುಡಿಯುತ್ತಾನೆ, ಬಾಸ್‌ಗೆ ಗೊತ್ತು. ಅವರು ಕೇಳುವುದಿಲ್ಲ, ಇವನು ಹೇಳುವುದಿಲ್ಲ.