ಸೆಸ್ ಕೇಳಿದಾಗ ಬಸ್ಸಿನ ಲೆಕ್ಕ ಕೇಳಿ

ಸಾರಿಗೆಗೆ ಹಣ ಸಾಲದು, ಹೊಸ ಸೆಸ್, ಅಂದರೆ ಒಂದು ಉದ್ದೇಶಕ್ಕೆಂದೇ ಹೆಚ್ಚುವರಿ ಕರ, ಹಾಕಬೇಕು ಎಂಬ ಮಾತು ಬೆಂಗಳೂರಿನಲ್ಲಿ ಎದ್ದಾಗಲೆಲ್ಲ ನಮ್ಮ ಪಂಚಾಯಿತಿಗಳ ನಡಾವಳಿ ಪುಸ್ತಕದಲ್ಲಿ ಒಂದೇ ಸಾಲು ಬೀಳುತ್ತದೆ: "ಸದರಿ ವಿಷಯವನ್ನು ಸರ್ವಾನುಮತದಿಂದ ವಿರೋಧಿಸಲಾಯಿತು." ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರ ನೋಡುತ್ತಾ ಕೊಡಗಿನಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಆ ಸಾಲು ಓದಿದಾಗ ಸಂಕಟವಾಗುತ್ತದೆ. ರೈಲು ಹಳಿಯೇ ಇಲ್ಲದ ಜಿಲ್ಲೆ ನಮ್ಮದು. ಬಸ್ ತಪ್ಪಿದರೆ ಜೀಪಿಗೆ ಕಾಯಬೇಕು, ಇಲ್ಲವೇ ಮಳೆಯಲ್ಲಿ ನಡೆಯಬೇಕು. ಬೇಕು ಅನ್ನಲಿ, ಬೇಡ ಅನ್ನಲಿ, ನಮ್ಮ ಉತ್ತರದಲ್ಲಿ ನಮ್ಮೂರಿನ ಲೆಕ್ಕ ಇರಲೇಬೇಕು.

ಕಾನೂನಿನಲ್ಲಿ ನಮ್ಮ ಕೈ ಚಿಕ್ಕದು, ನಿಜ. ವಾಹನ ತೆರಿಗೆ ರಾಜ್ಯದ್ದು. ಬಸ್ ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸಾರಿಗೆ ಪ್ರಾಧಿಕಾರ. ಸಂವಿಧಾನದ 12ನೇ ಅನುಸೂಚಿ ಪಟ್ಟಣಗಳಿಗೆ ವಹಿಸಿರುವುದು ಬಸ್ ನಿಲ್ದಾಣವನ್ನು, ಬಸ್ಸನ್ನಲ್ಲ. ಆದರೆ ಸೆಸ್ಸನ್ನು ಮನೆ ಕಂದಾಯಕ್ಕೆ ಜೋಡಿಸಿದರೆ ವಸೂಲಿಗೆ ಮನೆ ಬಾಗಿಲಿಗೆ ಹೋಗಬೇಕಾದವರು ನಮ್ಮ ಬಿಲ್ ಕಲೆಕ್ಟರೇ. ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಈಗಾಗಲೇ ಹೀಗೆ ವಸೂಲಾಗಿ ಮೇಲಕ್ಕೆ ಹೋಗುತ್ತಿವೆ.

ಕೊಡಗಿನ ಕಷ್ಟ ಇಲ್ಲೇ ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯಿತಿ ತೆರಿಗೆ ಹಾಕುವುದು ಕಟ್ಟಡಕ್ಕೆ ಮತ್ತು ಕೃಷಿಯೇತರ ಜಾಗಕ್ಕೆ. ಊರಿನ ಮುಕ್ಕಾಲು ಪಾಲು ಕಾಫಿ ತೋಟವಾಗಿದ್ದರೂ ಆ ನೆಲ ನಮ್ಮ ಬೇಡಿಕೆ ವಹಿಯಲ್ಲಿ, ಅಂದರೆ ಯಾರಿಂದ ಎಷ್ಟು ತೆರಿಗೆ ಬರಬೇಕು ಎಂಬ ಪುಸ್ತಕದಲ್ಲಿ, ಇರುವುದಿಲ್ಲ. ಮನೆ ಕಂದಾಯದ ಮೇಲಿನ ಸೆಸ್ಸಿನ ಭಾರ ಬೀಳುವುದು ಪೇಟೆಯ ಹೆಂಚಿನ ಮನೆಯ ಮೇಲೆ, ಮೂಲೆಯ ಅಂಗಡಿಯ ಮೇಲೆ. ಊರು ದೊಡ್ಡದು, ವಸೂಲಿ ಚಿಕ್ಕದು. ವಸೂಲಿ ನೋಡಿ ಬಸ್ ಹಂಚುವುದಾದರೆ ನಮ್ಮ ಪಾಲಿಗೆ ಏನೂ ಉಳಿಯದು. ಇದನ್ನು ಅಂಕಿ ಸಮೇತ ಬರೆದು ಕಳಿಸಬೇಕು. ಪ್ರತಿ ಪಂಚಾಯಿತಿಯ ಬೇಡಿಕೆ, ವಸೂಲಿ, ಬಾಕಿ ಪಟ್ಟಿಯಲ್ಲಿ ಆ ಅಂಕಿ ಸಿದ್ಧವಾಗಿಯೇ ಇದೆ.

ಮನೆ ಕಂದಾಯ ಬಿಟ್ಟು ಡೀಸೆಲ್ ಮೇಲೆ ಹಾಕೋಣ ಎಂದರೆ, ಡೀಸೆಲ್ ಮೇಲಿನ ರಾಜ್ಯದ ತೆರಿಗೆಗೂ ಇನ್ನೊಂದು ಮುಖ ಇದೆ. 2024ರ ಜೂನ್‌ನಲ್ಲಿ ಅದು ಶೇ 18.4ಕ್ಕೆ ಏರಿತು, 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ. ಈ ನಡುವೆ ಜನವರಿಯಲ್ಲಿ ಸರ್ಕಾರಿ ಬಸ್ ದರ ಶೇ 15 ಹೆಚ್ಚಿತು. ಏರು ರಸ್ತೆಯಲ್ಲಿ ಫಸ್ಟ್ ಗೇರಿನಲ್ಲೇ ಹತ್ತುವ ನಮ್ಮ ಬಸ್ಸುಗಳು ಬಯಲುಸೀಮೆಯ ಬಸ್ಸಿಗಿಂತ ಹೆಚ್ಚು ಡೀಸೆಲ್ ಕುಡಿಯುತ್ತವೆ. ಬಸ್ಸಿಗೆಂದೇ ಡೀಸೆಲ್ ತೆರಿಗೆ ಏರಿಸುವುದಾದರೆ ಆ ತೆರಿಗೆಯನ್ನು ಬಸ್ಸೂ ಕಟ್ಟುತ್ತದೆ, ಮಲೆನಾಡಿನ ಬಸ್ಸು ಇನ್ನಷ್ಟು ಕಟ್ಟುತ್ತದೆ.

ದಕ್ಷಿಣ ಕೊಡಗಿನ ಒಂದು ಪಂಚಾಯಿತಿಯಲ್ಲಿ ಇದೇ ಚರ್ಚೆ ನಡೆಯುವಾಗ ನಾನು ಹಿಂದಿನ ಬೆಂಚಿನಲ್ಲಿದ್ದೆ. ಸದಸ್ಯೆಯೊಬ್ಬರು ಎದ್ದು ನಿಂತರು. "ಸಾರ್, ಶಕ್ತಿ ಯೋಜನೆ ಬಂದಿದ್ದು 2023ರಲ್ಲಿ. ನಮ್ಮೂರಿಗೆ ಬರೋದು ಪ್ರೈವೇಟ್ ಬಸ್ ಮಾತ್ರ. ನಾವು ಇವತ್ತೂ ಪೂರ್ತಿ ಟಿಕೆಟ್ ಕೊಟ್ಟೇ ಹೋಗೋದು. ಈಗ ಸೆಸ್ಸೂ ಕೊಡಬೇಕಾ?" ಸಭೆ ಸುಮ್ಮನಾಯಿತು. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಕೊಡುವ ಉಚಿತ ಟಿಕೆಟ್ಟಿನ ಹಣವನ್ನು ಸರ್ಕಾರ ತುಂಬಿಕೊಡುವುದು ಸಾರಿಗೆ ನಿಗಮಗಳಿಗೆ. ಖಾಸಗಿ ಬಸ್ಸನ್ನೇ ನಂಬಿದ ಊರು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಅವರ ಮಾತನ್ನು ಹಾಗೆಯೇ ಠರಾವಿಗೆ ಸೇರಿಸಿ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಹೇಳಿದೆ. ಸೆಸ್ ಹಣದಲ್ಲಿ ಖಾಸಗಿ ಬಸ್ಸಿಗೂ ಕಿಲೋಮೀಟರ್ ಲೆಕ್ಕದಲ್ಲಿ ನೆರವು ಸಿಗಬೇಕು, ಅಥವಾ ಆ ಮಾರ್ಗಕ್ಕೆ ಸರ್ಕಾರಿ ಬಸ್ ಬರಬೇಕು. ಎರಡರಲ್ಲಿ ಒಂದಾದರೂ ಆಗದೆ ನಾವು ಒಪ್ಪುವುದಿಲ್ಲ ಎಂಬ ಷರತ್ತು ಅಲ್ಲಿಂದಲೇ ಹುಟ್ಟಿತು.

ಷರತ್ತು ಹಾಕುವವರು ತಮ್ಮ ಪಾಲಿನ ಕೆಲಸವನ್ನೂ ಮಾಡಿ ತೋರಿಸಬೇಕು. ಅದೇ ಊರಿಗೆ ಮೊದಲು ಸರ್ಕಾರಿ ಹಾಲ್ಟಿಂಗ್ ಬಸ್ ಇತ್ತು. ಸಂಜೆ ಕೊನೆಯ ಟ್ರಿಪ್ಪಿಗೆ ಬಂದು, ಅಲ್ಲೇ ರಾತ್ರಿ ಉಳಿದು, ಬೆಳಿಗ್ಗೆ ಕಾಲೇಜು ಮಕ್ಕಳನ್ನು ಕರೆದೊಯ್ಯುತ್ತಿತ್ತು. ಆದಾಯ ಕಡಿಮೆ ಎಂದು ನಿಂತಿತು ಎಂದೇ ಎಲ್ಲರೂ ತಿಳಿದಿದ್ದರು. ಹಳೆಯ ಕಂಡಕ್ಟರ್ ಒಬ್ಬರನ್ನು ವಿಚಾರಿಸಿದರೆ ಬೇರೆಯೇ ಕತೆ. ಮಲಗಲು ಜಾಗವಿರಲಿಲ್ಲ, ಶೌಚಾಲಯವಿರಲಿಲ್ಲ. ಜುಲೈ ಮಳೆಯಲ್ಲಿ ಸೀಟಿನ ಮೇಲೆ ಮುದುಡಿ ಮಲಗಿ, ಒದ್ದೆ ಯೂನಿಫಾರ್ಮನ್ನು ಬಿಸಿ ಬಾನೆಟ್ಟಿನ ಮೇಲೆ ಹರವಿ ಒಣಗಿಸಿಕೊಳ್ಳುತ್ತಿದ್ದರಂತೆ. ಆ ರೂಟಿಗೆ ಡ್ಯೂಟಿ ಬೇಡ ಎಂದು ಒಬ್ಬೊಬ್ಬರೇ ಬರೆದುಕೊಟ್ಟರು.

ಪಂಚಾಯಿತಿ ತನ್ನ ಸ್ವಂತ ನಿಧಿಯಿಂದ ಖಾಲಿ ಮಳಿಗೆಯೊಂದನ್ನು ಸುಣ್ಣ ಬಳಿದು, ಎರಡು ಮಂಚ, ಲೈಟು, ನೀರಿನ ನಲ್ಲಿ ಹಾಕಿಸಿತು. ಒಂದು ವಾರ ಬೆಳಿಗ್ಗೆ ಬಸ್ ಹತ್ತಿದವರೆಷ್ಟು, ಜಾಗ ಸಿಗದೆ ಉಳಿದವರೆಷ್ಟು ಎಂದು ಸ್ವಸಹಾಯ ಸಂಘದ ಹೆಂಗಸರು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದರು.

ಈ ಸಲ ಅವರ ಠರಾವು ಒಂದೂವರೆ ಪುಟ ಬಂತು. ಜೊತೆಗೆ ನೋಟ್‌ಬುಕ್ಕಿನ ಏಳು ಹಾಳೆಗಳ ಜೆರಾಕ್ಸ್. ಒಂದು ಪ್ರತಿ ಜಿಲ್ಲಾ ಪಂಚಾಯಿತಿಗೆ, ಒಂದು ಸಾರಿಗೆ ಪ್ರಾಧಿಕಾರಕ್ಕೆ, ಒಂದು ಡಿಪೋಗೆ ಹೋಗಿದೆ. ಮೂರು ಕಡೆಯಿಂದಲೂ ಸ್ವೀಕೃತಿ ಮೊಹರು ಹಾಕಿಸಿಕೊಂಡಿದ್ದಾರೆ. ಡಿಪೋದ ಉತ್ತರ ಇನ್ನೂ ಬಂದಿಲ್ಲ. ಕೋಣೆಯ ಬೀಗದ ಕೈ ಪಂಚಾಯಿತಿ ಎದುರಿನ ಅಂಗಡಿಯಲ್ಲಿದೆ.