ಇಲಿಗಳ ಶುಗರ್ ಇಳಿಸಿದ ಒಗರು ನಮಗೂ ಆಗುತ್ತದಾ?

ಪ್ರಶ್ನೆ: ಸಕ್ಕರೆ ಕಾಯಿಲೆಯ ಇಲಿಗಳಿಗೆ ನೇರಳೆ ಬೀಜದ ಸಾರ ಕೊಟ್ಟಾಗ ಶುಗರ್ ಇಳಿಯಿತು, ಅದರಲ್ಲಿರುವ ಟ್ಯಾನಿನ್ ಒಳ್ಳೆಯದು ಅಂತ ಓದಿದೆ. ದಿನಾ ಬೀಜದ ಪುಡಿ ತಿಂದರೆ ಮಾತ್ರೆ ಬಿಡಬಹುದಾ?

ಉತ್ತರ: ದಯವಿಟ್ಟು ಮಾತ್ರೆ ಬಿಡಬೇಡಿ.

ಟ್ಯಾನಿನ್ ನಿಮಗೆ ಹೊಸದಲ್ಲ. ಅರೆಬರೆ ಹಣ್ಣಾದ ನೇರಳೆ ಕಚ್ಚಿದರೆ ನಾಲಿಗೆ ದಪ್ಪಗಾಗಿ ಬಾಯೆಲ್ಲ ಒಣಗಿದ ಹಾಗೆ ಆಗುತ್ತದೆ, ಅಲ್ವಾ? ಆ ಒಗರೇ ಅದು. ಎಂಜಲಿನ ಪ್ರೋಟೀನನ್ನು ಹಿಡಿದು ಗಂಟು ಕಟ್ಟಿಬಿಡುತ್ತದೆ. ಕರುಳಲ್ಲೂ ಇದೇ ಗುಣ. ಅನ್ನ, ಮುದ್ದೆಯ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವ ಕಿಣ್ವಗಳೂ ಪ್ರೋಟೀನೇ. ಟ್ಯಾನಿನ್ ಅವಕ್ಕೂ ಅಂಟಿಕೊಂಡರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಡಾಕ್ಟರು ಬರೆದುಕೊಡುವ ಅಕಾರ್ಬೋಸ್ ಮಾತ್ರೆ ತಡೆಯುವುದೂ ಇಂಥ ಕಿಣ್ವಗಳನ್ನೇ. ಹಾಗಾಗಿ ಇಲಿಯ ಫಲಿತಾಂಶವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಆದರೆ ಆ ಇಲಿಗೆ ಕಾಯಿಲೆ ಹೇಗೆ ಬಂತು ನೋಡಿ. ಸಾಮಾನ್ಯವಾಗಿ ಸ್ಟ್ರೆಪ್ಟೊಜೊಟೊಸಿನ್ ಅಥವಾ ಅಲೋಕ್ಸಾನ್ ಎಂಬ ವಿಷ ಚುಚ್ಚಿರುತ್ತಾರೆ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಅದರಿಂದ ಸಾಯುತ್ತವೆ. ಕೆಲವೇ ದಿನಗಳಲ್ಲಿ ಶುಗರ್ ಏರುತ್ತದೆ. ಇಲಿಗೆ ಎಷ್ಟು ನೀರು ಕುಡಿದರೂ ಸಾಲದು, ತೂಕ ಇಳಿಯುತ್ತಾ ಹೋಗುತ್ತದೆ. ನಮ್ಮಲ್ಲಿ ಜಾಸ್ತಿ ಕಾಣುವ ಟೈಪ್ 2 ಹೀಗಲ್ಲ, ವರ್ಷಗಟ್ಟಲೆ ಬೆಳೆದು ಬರುವಂಥದ್ದು. ಚುಚ್ಚಿದ ವಿಷದ ಹಾನಿಯನ್ನು ಟ್ಯಾನಿನ್ ಸ್ವಲ್ಪ ತಡೆದರೆ ಇಲಿಗೆ ಲಾಭ. ಆ ವಿಷವೇ ಇಲ್ಲದ ನಮಗೆ ಆ ಲಾಭ ಎಲ್ಲಿಂದ ಬರಬೇಕು? ಬ್ರೆಜಿಲ್‌ನಲ್ಲಿ ನೇರಳೆ ಎಲೆಯ ಚಹಾವನ್ನು ಮನುಷ್ಯರಿಗೇ ಕೊಟ್ಟು ನೋಡಿದರು, ಶುಗರ್ ಇಳಿಯಲಿಲ್ಲ. ಅದು ಎಲೆ, ಬೀಜವಲ್ಲ, ನಿಜ. ಆದರೂ ನೆನಪಿಡಬೇಕಾದ ಮಾತು.

ಅಳತೆಯೂ ಬೇರೆ. ಇಲಿಗೆ ಕಿಲೋ ತೂಕಕ್ಕೆ 200 ಮಿಲಿಗ್ರಾಂ ಸಾರ ಕೊಟ್ಟರು ಅಂತಿಟ್ಟುಕೊಳ್ಳಿ. ಮನುಷ್ಯರ ಲೆಕ್ಕಕ್ಕೆ ತರಲು ಅದನ್ನು ಸುಮಾರು 6ರಿಂದ ಭಾಗಿಸುತ್ತಾರೆ. 60 ಕಿಲೋ ತೂಕದವರಿಗೆ ಹತ್ತಿರಹತ್ತಿರ 2 ಗ್ರಾಂ ಆಯಿತು. ಅದು ಗಟ್ಟಿ ಸಾರದ ಲೆಕ್ಕ, ಚಮಚದಲ್ಲಿ ತೆಗೆದುಕೊಳ್ಳುವ ಪುಡಿಯದ್ದಲ್ಲ.

ನನಗೆ ನಿಜವಾಗಿ ಚಿಂತೆ ಇರುವುದು ಕಬ್ಬಿಣಾಂಶದ ಬಗ್ಗೆ. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಬೇಯಿಸಿದರೆ ಕಪ್ಪಗಾಗುತ್ತದಲ್ಲ, ಅದು ಟ್ಯಾನಿನ್ ಕಬ್ಬಿಣವನ್ನು ಹಿಡಿದ ಬಣ್ಣ. ಹೊಟ್ಟೆಯಲ್ಲೂ ಸೊಪ್ಪು, ಕಾಳಿನ ಕಬ್ಬಿಣಾಂಶವನ್ನು ಹೀಗೇ ಹಿಡಿದು ಹೊರಗೆ ಕಳಿಸುತ್ತದೆ. ರಕ್ತ ಕಡಿಮೆ ಇರುವ ಹೆಂಗಸರಿಗೆ ಇದು ಸಣ್ಣ ವಿಷಯವಲ್ಲ. ಊಟದ ಜೊತೆ ಚಹಾ ಬೇಡ ಅನ್ನುವುದೂ ಇದಕ್ಕೇ.

ಆದರೂ ಪುಡಿ ತಿನ್ನಬೇಕೆನಿಸಿದರೆ ಊಟದ ಜೊತೆ ಬೇಡ. ಮೊದಲು ಡಾಕ್ಟರಿಗೆ ಹೇಳಿ, ಹಿಮೋಗ್ಲೋಬಿನ್ ನೋಡಿಸಿ. ಮಾತ್ರೆಯ ಜೊತೆ ಸೇರಿ ಶುಗರ್ ತೀರಾ ಇಳಿದರೆ ಕೈ ನಡುಗಿ ಬೆವರು ಬರುತ್ತದೆ. ಹಾಗಾದರೆ ತಡ ಮಾಡದೆ ಒಂದು ಲೋಟ ಗ್ಲೂಕೋಸ್ ನೀರು, ಅದಿಲ್ಲದಿದ್ದರೆ ಸಕ್ಕರೆ ನೀರು ಕುಡಿಯಿರಿ.